ಕಡಲಾಚೆ ದುಡಿದ ಹಿರಿಯರ ಜಾಡು ಹಿಡಿಯುವುದು ಹೇಗೆ?

ಪ್ರಶ್ನೆ: ನಮ್ಮ ಮುತ್ತಜ್ಜನ ಅಣ್ಣ 1890ರ ಆಸುಪಾಸಿನಲ್ಲಿ ಮದರಾಸಿನಿಂದ ಹಡಗು ಹತ್ತಿ ದಕ್ಷಿಣ ಆಫ್ರಿಕಾದ ನಟಾಲಿನ ಕಬ್ಬಿನ ತೋಟಕ್ಕೆ ಕೂಲಿಗೆ ಹೋದರು ಎಂದು ಮನೆಯಲ್ಲಿ ಹೇಳುತ್ತಾರೆ. ಇಂಟರ್ನೆಟ್ಟಿನಲ್ಲಿ ಹೆಸರು ಹಾಕಿ ಹುಡುಕಿದರೆ ಏನೂ ಸಿಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?
– ಓದುಗರು, ಮುಳಬಾಗಿಲು

ಉತ್ತರ: ಹೆಸರಿನಿಂದ ಶುರು ಮಾಡಬೇಡಿ, ಊರು ಮತ್ತು ತಂದೆಯ ಹೆಸರಿನಿಂದ ಮಾಡಿ. 1860ರಿಂದ 1911ರವರೆಗೆ ನಟಾಲಿಗೆ ಹೋದ ಕರಾರು ಕೂಲಿಗಳು 1,52,184 ಮಂದಿ. ಒಬ್ಬೊಬ್ಬರಿಗೂ ಒಂದು ನಂಬರ್ ಕೊಟ್ಟು ಹಡಗಿನ ಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಎತ್ತರ, ಜಿಲ್ಲೆ, ತಾಲ್ಲೂಕು, ಊರು, ಮೈಮೇಲಿನ ಮಚ್ಚೆ-ಗಾಯದ ಗುರುತುಗಳನ್ನು ಬರೆಯುತ್ತಿದ್ದರು. ಈ ಪಟ್ಟಿಗಳು ಡರ್ಬನ್ನಿನ ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದ ಗಾಂಧಿ-ಲುತೂಲಿ ದಾಖಲಾತಿ ಕೇಂದ್ರದಲ್ಲಿ ಸಿಗುತ್ತವೆ.

ಹುಡುಕಾಟ ತಪ್ಪುವುದು ಕಾಗುಣಿತದಲ್ಲಿ. ಕೂಲಿ ಹೇಳಿದ್ದನ್ನು ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿಗೆ ಇಳಿಸುತ್ತಿದ್ದ. ತಮಿಳು ಬರವಣಿಗೆಗೆ ಒಗ್ಗಿದ ಕೈಯಾದರೆ ಕ-ಗ, ತ-ದ, ಪ-ಬ ಅದಲುಬದಲಾಗುತ್ತವೆ; ಗೋವಿಂದಪ್ಪ ಹೋಗಿ ಕೋವಿಂದನ್ ಆಗಿರಬಹುದು. ‘ಅಪ್ಪ’, ‘ಅಯ್ಯ’ ಬಿದ್ದುಹೋಗಿ ಬರೀ ಮೊದಲ ಭಾಗ ಉಳಿದಿರಬಹುದು. ಆದ್ದರಿಂದ ಜಿಲ್ಲೆಯ ಅಂಕಣದಲ್ಲಿ ಕೋಲಾರ, ಬೆಂಗಳೂರು, ಮೈಸೂರು ಮೂರನ್ನೂ ನೋಡಿ, ಅದರ ಜೊತೆಗೆ ಉತ್ತರ ಆರ್ಕಾಟನ್ನೂ ನೋಡಿ. ಚಿತ್ತೂರು ಸೀಮೆ 1911ರವರೆಗೆ ಉತ್ತರ ಆರ್ಕಾಟ್ ಜಿಲ್ಲೆಯಲ್ಲೇ ಇತ್ತು. ಮುಳಬಾಗಿಲಿನ ಗಡಿಗೆ ಅಷ್ಟು ಹತ್ತಿರದ ಸೀಮೆ ಅದು. ಊರಿನ ಹೆಸರಿನ ಮೊದಲ ಮೂರ್ನಾಲ್ಕು ಅಕ್ಷರ ಮಾತ್ರ ಹಾಕಿ ಹುಡುಕಿ, ಸಿಕ್ಕವರಲ್ಲಿ ತಂದೆಯ ಹೆಸರು ಹೊಂದುವವರನ್ನು ಆರಿಸಿ. ವಯಸ್ಸನ್ನು ಅಂದಾಜಿನಲ್ಲಿ ಬರೆದಿರುತ್ತಿದ್ದರು, ಐದು ವರ್ಷ ಆಚೀಚೆ ಇದ್ದರೆ ಕೈಬಿಡಬೇಡಿ. ಹೆಸರೊಂದೇ ಹೊಂದಿ ಊರೂ ತಂದೆಯೂ ಹೊಂದದಿದ್ದರೆ ಮಾತ್ರ ಖಂಡಿತ ಒಪ್ಪಿಕೊಳ್ಳಬೇಡಿ. ಎಷ್ಟೋ ಮನೆಗಳ ವಂಶವೃಕ್ಷಕ್ಕೆ ಪರರ ಅಜ್ಜ ಬಂದು ಸೇರಿರುವುದು ಹೀಗೆಯೇ.

ನಂಬರ್ ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಆಮೇಲಿನ ಕಾಗದಗಳು ಅದನ್ನೇ ಹಿಡಿದು ನಡೆಯುತ್ತವೆ. ಕರಾರು ಐದು ವರ್ಷದ್ದು. ಹತ್ತು ವರ್ಷ ಅಲ್ಲಿದ್ದವರಿಗೆ ಊರಿಗೆ ಮರಳಲು ಪುಕ್ಕಟೆ ಹಡಗು ಪ್ರಯಾಣದ ಹಕ್ಕಿತ್ತು. ಯಾವ ತೋಟ, ಯಾವ ದೊರೆ, ದೂರು ಕೊಟ್ಟಿದ್ದರೇ ಎಂಬುದಕ್ಕೆ ಪೀಟರ್‌ಮಾರಿಟ್ಜ್‌ಬರ್ಗ್ ಪತ್ರಾಗಾರದಲ್ಲಿರುವ ವಲಸಿಗರ ರಕ್ಷಣಾಧಿಕಾರಿಯ ಕಡತಗಳನ್ನು ನೋಡಿ. ದಕ್ಷಿಣ ಆಫ್ರಿಕಾ ರಾಷ್ಟ್ರೀಯ ಪತ್ರಾಗಾರದ ಆನ್‌ಲೈನ್ ಸೂಚಿಯಲ್ಲಿ ನಟಾಲ್ ವಿಭಾಗ ಆರಿಸಿಕೊಂಡು ಹೆಸರಿನಿಂದಲೂ ನಂಬರಿನಿಂದಲೂ ಹುಡುಕಿ. ಅಲ್ಲೇ ತೀರಿಕೊಂಡು ಆಸ್ತಿ ಬಿಟ್ಟಿದ್ದರೆ ಎಸ್ಟೇಟ್ (ಮೃತರ ಆಸ್ತಿಯ) ಕಡತದ ಮರಣ ಸೂಚನೆಯಲ್ಲಿ ಹೆಂಡತಿ-ಮಕ್ಕಳ ಹೆಸರುಗಳೂ ಸಿಗಬಹುದು. ನಟಾಲಿನ ಮರಣ ನೋಂದಣಿಗಳು ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತವಾಗಿವೆ. ಇನ್ನೊಂದು ಎಚ್ಚರ: ಊರಿಗೆ ಬಂದು ಮತ್ತೆ ಕರಾರು ಮಾಡಿ ಹೋದವರಿಗೆ ಎರಡನೇ ನಂಬರ್ ಬೀಳುತ್ತಿತ್ತು. ಒಬ್ಬರೇ ಇಬ್ಬರಾಗಿ ಕಾಣುವುದುಂಟು.

ಪ್ರಶ್ನೆ: ಅಜ್ಜ 1930ರಿಂದ ರಂಗೂನಿನಲ್ಲಿ ಕೆಲಸಕ್ಕಿದ್ದು, ಯುದ್ಧದ ವೇಳೆ ನಡೆದುಕೊಂಡೇ ಊರಿಗೆ ಬಂದರಂತೆ. ಅವರ ಪಾಸ್‌ಪೋರ್ಟ್ ದಾಖಲೆ ಎಲ್ಲಿ ಸಿಗುತ್ತದೆ?
– ಓದುಗರು, ಉಡುಪಿ

ಉತ್ತರ: ಅವರು ಹೋದಾಗಿನ ಪಾಸ್‌ಪೋರ್ಟ್ ಹುಡುಕಿ ಫಲವಿಲ್ಲ. 1937ರ ಏಪ್ರಿಲ್ 1ರವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ್ದೇ ಒಂದು ಪ್ರಾಂತ, ಸ್ಟೀಮರಿನ ಟಿಕೆಟ್ ಇದ್ದರೆ ಸಾಕಿತ್ತು. ಹಾಗಾಗಿ ಕೆಲಸದ ಕಡೆಯಿಂದ ಹೋಗಿ: ಸಂಬಳದ ಚೀಟಿ, ಮನಿಯಾರ್ಡರ್ ರಸೀದಿ, ಲಕೋಟೆಯ ಮೇಲಿನ ಅಂಚೆ ಮುದ್ರೆ, ಫೋಟೋದ ಹಿಂಬದಿಯಲ್ಲಿರುವ ಸ್ಟುಡಿಯೋ ಮೊಹರು. ಒಂದೊಂದರ ಮೇಲಿನ ತಾರೀಖು, ವಿಳಾಸ ಬರೆದಿಟ್ಟರೆ ಅವರು ಎಲ್ಲೆಲ್ಲಿದ್ದರೆಂಬ ಸಾಲು ತಾನಾಗಿ ಕೂಡಿಬರುತ್ತದೆ.

1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ವಶವಾಯಿತು. ತಮು-ಇಂಫಾಲ ದಾರಿಯಲ್ಲೋ ಅರಕಾನ್ ಕಡೆಯಿಂದ ಚಿತ್ತಗಾಂಗಿಗೋ ಬಂದವರ ವಿಚಾರ ನೋಡಿಕೊಂಡದ್ದು ದೆಹಲಿಯ ಸಾಗರೋತ್ತರ ಭಾರತೀಯರ ಇಲಾಖೆ. ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ಹೆಸರು ಹಾಕದೆ ಆ ಇಲಾಖೆ, 1942ರಿಂದ 1944ರ ವರ್ಷಗಳು, ‘ಬರ್ಮಾ ನಿರಾಶ್ರಿತರು’ ಎಂಬರ್ಥದ ಇಂಗ್ಲಿಷ್ ಪದಗಳನ್ನು ಹಾಕಿ. ಕಡತದ ಶೀರ್ಷಿಕೆಯಲ್ಲಿ ಸಾಮಾನ್ಯರ ಹೆಸರು ಇರುವುದು ಅಪರೂಪ, ಪಟ್ಟಿಗಳು ಒಳಗಿರುತ್ತವೆ. ಜಿಲ್ಲಾ ಮಟ್ಟದ ಕಾಗದಕ್ಕೆ ಬೆಂಗಳೂರಿಗೆ ಹೋಗುವವರು ಬಹಳ. ಆದರೆ ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತದಲ್ಲಿತ್ತು, ನೋಡಬೇಕಾದ್ದು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ. ಧಾರವಾಡ, ಬೆಳಗಾವಿ, ವಿಜಯಪುರದವರಾದರೆ ಮುಂಬೈ.

ಪ್ರಶ್ನೆ: ಮುತ್ತಾತ ಮೈಸೂರು ಸಂಸ್ಥಾನದ ಕುದುರೆ ದಳವಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದು ಮೊದಲ ಮಹಾಯುದ್ಧದಲ್ಲಿ ಈಜಿಪ್ಟಿಗೆ ಹೋಗಿದ್ದರು. ಮನೆಯಲ್ಲಿ ಒಂದು ಬೆಳ್ಳಿ ಪದಕ ಮಾತ್ರ ಇದೆ.
– ಓದುಗರು, ಮೈಸೂರು

ಉತ್ತರ: ಪದಕದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಸೈನಿಕನ ನಂಬರ್, ದರ್ಜೆ, ಹೆಸರು, ದಳ ಅಲ್ಲಿ ಕೊರೆದಿರುತ್ತದೆ. ಪಾಲಿಶ್ ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿರುವುದು ಮಡಿದವರ ಹೆಸರು ಮಾತ್ರ. ನಿಮ್ಮವರು ಮರಳಿ ಬಂದವರಾದರೆ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಸೇನಾ ಕಡತಗಳನ್ನು 1914ರಿಂದ ಮುಂದಕ್ಕೆ ಕೇಳಿ. ಪಿಂಚಣಿ, ಇನಾಮು ಜಮೀನಿನ ಕಾಗದಗಳನ್ನೂ ಬಿಡಬೇಡಿ. ಜಮೀನು ಸಿಕ್ಕಿದ್ದರೆ ತಾಲ್ಲೂಕು ಕಚೇರಿಯ ಹಳೆಯ ಕಂದಾಯ ದಾಖಲೆಯಲ್ಲೂ ಅದರ ಕುರುಹು ಇರಬಹುದು.