ಮರಿ ಬಿಡುವ ಮುನ್ನ ಯಾವ ಮೀನೆಂದು ಕೇಳಿ

ಪ್ರಶ್ನೆ: ಕಾವೇರಿಯಲ್ಲಿ ಮಹಶೀರ್ ಮೊದಲಿಗಿಂತ ಹೆಚ್ಚಾಗಿದೆ ಎಂದು ನದಿ ಬಲ್ಲವರೇ ಹೇಳುತ್ತಾರೆ. ಆದರೂ ಅದು ಅಳಿವಿನಂಚಿನಲ್ಲಿದೆ ಎಂದು ನೀವು ಬರೆಯುತ್ತೀರಿ. ಇರಲಿ, ನಮ್ಮ ಸಂಘದ ವತಿಯಿಂದ ಹತ್ತು ಸಾವಿರ ಮಹಶೀರ್ ಮರಿಗಳನ್ನು ನದಿಗೆ ಬಿಡಬೇಕೆಂದಿದ್ದೇವೆ. ಯಾವ ತಿಂಗಳು ಸೂಕ್ತ?

ಉತ್ತರ: ಯಾವ ತಿಂಗಳೂ ಸೂಕ್ತವಲ್ಲ. ಈ ಪ್ರಶ್ನೆ ನನಗೆ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ಕೇಳುವವರ ಸದುದ್ದೇಶದ ಬಗ್ಗೆ ಸಂಶಯವಿಲ್ಲದಿದ್ದರೂ, ಕಾವೇರಿಯ ಮೂಲ ಮಹಶೀರನ್ನು ಇಂದಿನ ಸ್ಥಿತಿಗೆ ತಂದ ಕಾರಣಗಳಲ್ಲಿ ಇಂಥದೇ ಸದುದ್ದೇಶವೂ ಒಂದು ಎಂಬುದನ್ನು ಇನ್ನು ಮೆದುವಾಗಿ ಹೇಳಲು ನನಗೆ ಮನಸ್ಸಿಲ್ಲ.

‘ಮಹಶೀರ್’ ಎಂಬುದು ಒಂದೇ ಮೀನಿನ ಹೆಸರಲ್ಲ, ಗೆಂಡೆ ಕುಟುಂಬದ ದೊಡ್ಡ ಹೊಳೆಮೀನುಗಳ ಒಂದು ಗುಂಪಿನ ಹೆಸರು. ಕಾವೇರಿಯಲ್ಲಿ ಈಗ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ಬೆನ್ನು ಡುಬ್ಬವಾಗಿ ಎದ್ದು, ಈಜುರೆಕ್ಕೆಗಳು ಕಿತ್ತಳೆ ಬಣ್ಣಕ್ಕೆ ತಿರುಗಿದ ಮೀನು. ಇದು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಹುಟ್ಟಿದ್ದಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕು ದಾಖಲೆಯಾದ, ಸುಮಾರು 54 ಕಿಲೋ ತೂಗಿದ ಮೀನು ಈ ಕುಲದ್ದು. ಎರಡನೆಯದು ನೀಲಿ ಛಾಯೆಯ ಈಜುರೆಕ್ಕೆಗಳಿರುವ ಟಾರ್ ಖುದ್ರೀ. 1839ರಲ್ಲಿ ವಿಜ್ಞಾನಕ್ಕೆ ಪರಿಚಯವಾದದ್ದು ಪುಣೆ ಬಳಿಯ ಮುಳಾ-ಮುಠಾ ನದಿಯಿಂದ, ಎಂದರೆ ಕೃಷ್ಣಾ ಕೊಳ್ಳದಿಂದ. ಇದನ್ನು ಲೋನಾವಳಾದಲ್ಲಿ ಕೃತಕವಾಗಿ ಮರಿ ಮಾಡಿಸುವ ವಿಧಾನ ಕೈಗೂಡಿದ ಮೇಲೆ, 1970ರ ದಶಕದಿಂದ ಮುಂದೆ ಅದರ ಮರಿಗಳು ಊರೂರಿಗೆ ಹೋದವು, ಕಾವೇರಿಗೂ ಬಂದವು. ಬಿಟ್ಟವರು ನದಿಗೆ ಅದರದೇ ಮೀನನ್ನು ಮರಳಿಸುತ್ತಿದ್ದೇವೆಂದು ನಂಬಿದ್ದರು.

ಹೆಚ್ಚಾಗಿದೆ ಎಂದು ನಿಮ್ಮ ನದಿ ಬಲ್ಲವರು ಹೇಳುವುದು ಸುಳ್ಳಲ್ಲ. ಹೆಚ್ಚಿರುವುದು ನೀಲಿ ರೆಕ್ಕೆಯದು. ಕಾವೇರಿ ವನ್ಯಜೀವಿಧಾಮದ ಗಾಲಿಬೋರೆ ಕಡೆ 1998ರಿಂದ 2012ರವರೆಗೆ ಗಾಳ ಹಾಕಿ ಹಿಡಿದು ಮರಳಿ ಬಿಡುತ್ತಿದ್ದವರು ಬರೆದಿಟ್ಟ ಲೆಕ್ಕವನ್ನು ಆಮೇಲೆ ಸಂಶೋಧಕರು ಪರಿಶೀಲಿಸಿದರು. 23,620 ಗಂಟೆಗಳ ಗಾಳಗಾರಿಕೆ, 6,161 ಮೀನು. ಒಟ್ಟು ಸಂಖ್ಯೆಯನ್ನಷ್ಟೇ ನೋಡಿದರೆ ಸಂತೋಷಪಡಬೇಕು, ಏಕೆಂದರೆ ಗಂಟೆಗೆ ಸಿಗುವ ಮೀನು ವರ್ಷದಿಂದ ವರ್ಷಕ್ಕೆ ಏರಿದೆ. ಬಗೆಬಗೆಯಾಗಿ ವಿಂಗಡಿಸಿದಾಗ ಚಿತ್ರ ಮಗುಚಿಕೊಳ್ಳುತ್ತದೆ: ನೀಲಿ ರೆಕ್ಕೆಯದು ಏರಿದೆ, ಅದರಲ್ಲಿ ಚಿಕ್ಕ ಮೀನುಗಳೇ ಹೆಚ್ಚು, ಡುಬ್ಬದ್ದು ಇಳಿದಿದೆ, ಸಿಕ್ಕ ಕೆಲವು ಮಾತ್ರ ದಿನೇದಿನೇ ದೊಡ್ಡವು.

ಈ ಕೊನೆಯ ಮಾತನ್ನು ದಯವಿಟ್ಟು ನಿಧಾನವಾಗಿ ಓದಿ. ಸಿಗುವ ಮೀನು ದೊಡ್ಡದಾಗುತ್ತ ಹೋದರೆ ನದಿ ಚೆನ್ನಾಗಿದೆ ಎಂದು ಜನ ತಿಳಿಯುತ್ತಾರೆ, ಪತ್ರಿಕೆಗಳಲ್ಲಿ ಚಿತ್ರವೂ ಬರುತ್ತದೆ. ನನಗೆ ಅದು ಮಕ್ಕಳಿಲ್ಲದೆ ಮುದುಕರಷ್ಟೇ ಉಳಿದ ಊರಿನಂತೆ ಕಾಣುತ್ತದೆ. ಮಹಶೀರ್ ದೀರ್ಘಾಯುಷಿ, ತಡವಾಗಿ ಪ್ರಾಯಕ್ಕೆ ಬರುತ್ತದೆ, ರೋಹು ಕಾಟ್ಲಾಗಳಂತೆ ಲಕ್ಷಗಟ್ಟಲೆ ಮೊಟ್ಟೆಯಿಡುವುದಿಲ್ಲ. ಇಂಥ ಜೀವಿಯಲ್ಲಿ ಹೊಸ ಪೀಳಿಗೆ ಬರುವುದು ನಿಂತ ಮೇಲೂ ಹಳೆಯ ಮೀನುಗಳು ವರ್ಷಗಟ್ಟಲೆ ಉಳಿದು ನಮ್ಮನ್ನು ನಂಬಿಸುತ್ತವೆ. ಅವು ಸತ್ತ ದಿನ ಏನೂ ಉಳಿದಿರುವುದಿಲ್ಲ. ಆದ್ದರಿಂದ ಸಂಖ್ಯೆಯ ಜೊತೆಗೆ ಯಾವ ಬಗೆ, ಯಾವ ಗಾತ್ರ ಎಂದು ಹೇಳದ ಯಾವ ಎಣಿಕೆಯನ್ನೂ ನಾನು ಒಪ್ಪುವುದಿಲ್ಲ.

ಹೊರಗಿನ ಮೀನು ಬಂದದ್ದೊಂದೇ ಕಾರಣ ಎಂದು ಹೇಳಲಾರೆ. ಮೇಲೆ ಕೃಷ್ಣರಾಜಸಾಗರ, ಪಕ್ಕದಲ್ಲಿ ಕಬಿನಿ, ಕೆಳಗೆ ಮೆಟ್ಟೂರು ಅಣೆಕಟ್ಟುಗಳು ನದಿಯನ್ನು ತುಂಡರಿಸಿವೆ. ಮುಂಗಾರಿನ ಹೊಳೆ ಏರಿದಾಗ ಮೇಲ್ಗಡೆಗೆ ಈಜಿ ಜಲ್ಲಿಕಲ್ಲಿನ ಮೇಲೆ ಮೊಟ್ಟೆಯಿಡಬೇಕಾದ ಮೀನಿಗೆ ದಾರಿಯಿಲ್ಲ. ಮರಳು ತೆಗೆಯುವವರು ತಳವನ್ನೇ ಎತ್ತಿಕೊಂಡು ಹೋಗುತ್ತಾರೆ, ಸಿಡಿಮದ್ದು ಹಾಕುವವರು ಮಡುವಿನಲ್ಲಿದ್ದ ತಾಯಿ ಮೀನನ್ನೂ ಬಿಡುವುದಿಲ್ಲ. ಆದರೆ ಇಷ್ಟು ಸೊರಗಿದ ಕುಲದ ಪಕ್ಕಕ್ಕೆ, ಅದೇ ಆಹಾರ, ಅದೇ ಮಡು ಬೇಡುವ, ತಳಿ ಬೆರೆಯುವ ಅಪಾಯವೂ ಇರುವ ಮತ್ತೊಂದನ್ನು ವರ್ಷವರ್ಷ ಸುರಿಯುವುದು ಸಂರಕ್ಷಣೆಯಲ್ಲ.

ಒಂದು ವಿಷಯ ನನ್ನನ್ನು ಇಂದಿಗೂ ಕಾಡುತ್ತದೆ. ಶತಮಾನಕ್ಕೂ ಮೀರಿ ಜಗತ್ಪ್ರಸಿದ್ಧವಾಗಿದ್ದ ಈ ಡುಬ್ಬದ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರಿರಲಿಲ್ಲ. 2007ರಲ್ಲಿ ಕೇರಳದ ಪಾಂಬಾರಿನಿಂದ (ಅದೂ ಕಾವೇರಿಗೇ ಸೇರುವ ನೀರು) ಟಾರ್ ರೇಮಾದೇವಿ ಎಂದು ಹೆಸರು ಪಡೆದ ಮೀನೇ ಇದು ಎಂದು ತಿಳಿದುಬಂದದ್ದು 2018ರಲ್ಲಿ. ಅದೇ ವರ್ಷ, ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಇದು ತೀವ್ರ ಅಪಾಯದ ವರ್ಗಕ್ಕೆ ಸೇರಿತು. ಹೆಸರೇ ಇಲ್ಲದ್ದಕ್ಕೆ ಯಾರು ರಕ್ಷಣೆ ಕೊಟ್ಟಾರು? ಈಗ ಭರವಸೆಯಿರುವುದು ಮುಖ್ಯವಾಗಿ ಕಾವೇರಿ ಕೊಳ್ಳದ ಮೋಯಾರ್ ನದಿಯಲ್ಲಿ.

ಹಿಂದೊಮ್ಮೆ ಮರಿ ಬಿಡುವ ಸಮಾರಂಭವೊಂದಕ್ಕೆ ನನ್ನನ್ನು ಕರೆದಿದ್ದರು. ಚೀಲದಲ್ಲಿರುವುದು ಯಾವ ಬಗೆ, ತಾಯಿ ಮೀನು ಯಾವ ನದಿಯದು ಎಂದು ಕೇಳಿದೆ. ವೇದಿಕೆಯ ಮೇಲಿದ್ದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಂದಿನಿಂದ ಅಂಥ ಆಹ್ವಾನಗಳನ್ನು ನಾನು ಸ್ವೀಕರಿಸಿಲ್ಲ.

ಪ್ರಶ್ನೆ: ಮಹಶೀರಿನ ಹಸಿ ಪಿತ್ತ ನುಂಗಿದರೆ ಸಕ್ಕರೆ ಕಾಯಿಲೆ ಹೋಗುತ್ತದೆಯೇ? ನಮ್ಮ ಕಡೆಯ ನಾಟಿ ವೈದ್ಯರು ಹೇಳಿದರು.

ಉತ್ತರ: ಹೋಗುವುದು ಮೂತ್ರಪಿಂಡ. ಗೆಂಡೆ ಮೀನುಗಳ ಪಿತ್ತ ವಿಷ. ರೋಹು, ಕಾಟ್ಲಾಗಳ ಹಸಿ ಪಿತ್ತ ನುಂಗಿ ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದ ಪ್ರಕರಣಗಳು ನಮ್ಮ ದೇಶದಲ್ಲೇ ವೈದ್ಯಕೀಯ ದಾಖಲೆಯಲ್ಲಿವೆ, ಮಹಶೀರ್ ಅದೇ ಕುಟುಂಬದ್ದು. ಹೀಗೆ ಹೇಳಿದವರ ಬಳಿ ಮತ್ತೆ ಹೋಗಬೇಡಿ, ಯಾರಾದರೂ ಈಗಾಗಲೇ ನುಂಗಿದ್ದರೆ ಇಂದೇ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಶೃಂಗೇರಿ, ಶಿಶಿಲದ ದೇವರ ಮೀನುಗಳಿಗೆ ಪುರಿ ಹಾಕಬಹುದೇ?

ಉತ್ತರ: ಅಲ್ಲಿ ಮೀನು ಹಿಡಿಯಬಾರದೆಂಬ ಭಕ್ತರ ಕಟ್ಟಳೆಗೆ ನನ್ನ ಗೌರವ ದೊಡ್ಡದು, ಅದು ಎಷ್ಟೋ ಮೀನುಗಳನ್ನು ಉಳಿಸಿದೆ, ಪುರಿ ಬೇಡ, ಪ್ಲಾಸ್ಟಿಕ್ ಚೀಲವಂತೂ ಬೇಡವೇ ಬೇಡ.

ಪ್ರಶ್ನೆ: ತೋಟದ ಹೊಂಡದಲ್ಲಿ ಮಹಶೀರ್ ಸಾಕಬಹುದೇ?

ಉತ್ತರ: ಬೇಡ. ಹೊಂಡ ತುಂಬಿ ಹರಿದರೆ ಅದು ಹಳ್ಳ ಸೇರುತ್ತದೆ, ಹಳ್ಳ ಹೊಳೆಯನ್ನು.

ಪ್ರಶ್ನೆ: ಹಾಗಾದರೆ ನಮ್ಮಂಥವರು ಮಾಡಬೇಕಾದ್ದೇನು?

ಉತ್ತರ: ಮರಿಗೆ ಇಟ್ಟ ಹಣದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮೂರಿನ ಹೊಳೆಯ ಒಂದು ಮೈಲಿಗೆ ಇಬ್ಬರು ಕಾವಲುಗಾರರನ್ನು ನೇಮಿಸಿ, ಸಿಡಿಮದ್ದು ಕೇಳಿದರೆ, ಮರಳಿನ ಲಾರಿ ಇಳಿದರೆ ಅರಣ್ಯ ಇಲಾಖೆಗೂ ಪೊಲೀಸರಿಗೂ ಲಿಖಿತ ದೂರು ಕೊಡಿ. ಸತ್ತ ಮಹಶೀರ್ ಕಂಡರೆ ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು, ಈಜುರೆಕ್ಕೆಯ ಬಣ್ಣ ಕಾಣುವಂತೆ ಚಿತ್ರ ತೆಗೆದು, ದಿನಾಂಕ ಮತ್ತು ಜಾಗ ಬರೆದಿಡಿ. ರೆಕ್ಕೆ ಕಿತ್ತಳೆಯಾಗಿದ್ದು, ಮೀನು ಅಂಗೈಯಷ್ಟೇ ಇದ್ದರೆ ಆ ಚಿತ್ರವನ್ನು ನನಗೂ ಕಳುಹಿಸಿ. ಅಷ್ಟು ಚಿಕ್ಕದೊಂದು ಸಿಕ್ಕಿತೆಂದರೆ ಅಲ್ಲಿ ಇನ್ನೂ ಮೊಟ್ಟೆಯೊಡೆಯುತ್ತಿದೆ ಎಂದರ್ಥ, ಮರುದಿನವೇ ಹೊರಟು ಬರುತ್ತೇನೆ.