ಓದುಗರ ಪ್ರಶ್ನೆ: ಮರದ ಹೊಟ್ಟು ಬೆರೆಸಿದ್ಮೇಲೆ ಗಿಡ ಯಾಕೆ ಹಳದಿ ಆಯ್ತು?

ಪ್ರಶ್ನೆ: ಸರ್, ಮಣ್ಣಲ್ಲಿ ಸಾವಯವ ಅಂಶ ಹೆಚ್ಚಲಿ ಅಂತ ಪಾತಿಗೆ ಮರದ ಹೊಟ್ಟು, ಒಣ ತರಗೆಲೆ ಎಲ್ಲಾ ಚೆನ್ನಾಗಿ ಬೆರೆಸಿ ಸಸಿ ನೆಟ್ಟೆ. ಈಗ ಕೆಳಗಿನ ಎಲೆಗಳೆಲ್ಲಾ ಹಳದಿ, ಬೆಳವಣಿಗೆನೇ ಇಲ್ಲ. ಕೆದಕಿದ್ರೆ ಬಿಳೀ ದಾರದ ಥರ ಏನೋ ಹಬ್ಕೊಂಡಿದೆ. ರೋಗಾನಾ? ಔಷಧಿ ಹೊಡೀಲಾ?

ಉತ್ತರ: ಮೊದಲು ಆ ಔಷಧಿ ಡಬ್ಬಿ ಪಕ್ಕಕ್ಕಿಡಿ. ಆ ಬಿಳೀ ದಾರ ಫಂಗಸ್ಸೇ, ಆದ್ರೆ ಅದು ಬಂದಿರೋದು ನಿಮ್ಮ ಹೊಟ್ಟು ತಿನ್ನೋಕೆ, ಮರದ ಗಟ್ಟಿ ಭಾಗ ಲಿಗ್ನಿನ್ ಅಂತಾರಲ್ಲ, ಅದನ್ನ ಪೂರ್ತಿ ಒಡೆಯೋ ತಾಕತ್ತು ಹೆಚ್ಚಾಗಿ ಇಂಥ ಫಂಗಸ್‌ಗಳಿಗೇ ಇರೋದು. ತೊಂದರೆ ಆಗಿರೋದು ಸಾರಜನಕದ ಲೆಕ್ಕದಲ್ಲಿ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ತಿನ್ನೋ ಪದಾರ್ಥದಲ್ಲಿ ಸುಮಾರು 24 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇದ್ರೆ ಸಾಕು, ಮರದ ಹೊಟ್ಟಲ್ಲಿ ಆ 1ಕ್ಕೆ 300-400 ಪಾಲು ಇಂಗಾಲ ಇರುತ್ತೆ. ಕಮ್ಮಿ ಬಿದ್ದಿದ್ದನ್ನ ಅವು ಎಲ್ಲಿಂದ ತರ್ತವೆ? ನಿಮ್ಮ ಗಿಡದ ಬುಡದಿಂದಾನೇ! ಬೇರಿಗಿಂತ ಮುಂಚೆ ಅವೇ ಬಾಚ್ಕೊಂಡುಬಿಡ್ತವೆ, ಆಗ ಗಿಡ ಪಾಪ ಹಳೇ ಎಲೆಗಳಲ್ಲಿರೋ ಸಾರಜನಕ ಕಿತ್ತು ಹೊಸ ಚಿಗುರಿಗೆ ಕಳಿಸುತ್ತೆ, ಅದಕ್ಕೇ ಕೆಳಗಿನ ಎಲೆ ಮೊದಲು ಹಳದಿ ಆಗೋದು.

ಕಳಿತ ಸಗಣಿ ಗೊಬ್ಬರನೋ ಒಳ್ಳೆ ಕಾಂಪೋಸ್ಟೋ ಹಾಕಿ, ಅರ್ಜೆಂಟ್ ಅಂದ್ರೆ ಒಂಚೂರು ಯೂರಿಯಾನೂ ಆಗುತ್ತೆ. ಹೊಟ್ಟು ಕರಗ್ತಾ ಬಂದಂಗೆ ಈ ಜೀವಿಗಳು ಸಾಯ್ತವೆ, ಇಲ್ಲಾ ಬೇರೆ ಜೀವಿಗಳ ಬಾಯಿಗೆ ಬೀಳ್ತವೆ, ಹಿಡಿದಿಟ್ಕೊಂಡಿದ್ದು ವಾಪಸ್ ಮಣ್ಣಿಗೇ ಬರುತ್ತೆ. ಮುಂದಿನ ಸಲ ಹೊಟ್ಟನ್ನ ಬೆರೆಸ್ಬೇಡಿ, ಮೇಲೆ ಹೊದಿಸಿ ಬಿಡಿ ಸಾಕು.

ಪ್ರಶ್ನೆ: ವರ್ಷಾ ವರ್ಷಾ ರಾಶಿ ರಾಶಿ ತರಗು ಹಾಕ್ತೀನಿ, ಆದ್ರೂ ಮಣ್ಣು ಹಂಗೇ ಇದೆ. ಎಲ್ಲಾ ಎಲ್ಲಿಗೆ ಹೋಗುತ್ತೆ?

ಉತ್ತರ: ಗಾಳಿಗೆ. ತಮಾಷೆ ಅಲ್ಲ, ಹಾಕಿದ್ದರಲ್ಲಿ ಬಹುಪಾಲು ಇಂಗಾಲ ಸೂಕ್ಷ್ಮಜೀವಿಗಳ ಉಸಿರಾಟದಲ್ಲೇ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಟೋಗುತ್ತೆ. ಬಿಸಿಲು ನಾಡಲ್ಲಂತೂ ಇನ್ನೂ ಬೇಗ, ತೇವ ಒಂದಿದ್ರೆ 10 ಡಿಗ್ರಿ ಸೆಖೆ ಏರಿದ್ರೂ ಕೊಳೆಯೋ ವೇಗ ಹೆಚ್ಚುಕಮ್ಮಿ ಡಬಲ್ ಆಗುತ್ತೆ. ಅದ್ರ ಮೇಲೆ ನಾವು ಪದೇ ಪದೇ ಉತ್ತು ಹೆಂಟೆ ಒಡೆದು ಗಾಳಿ ಆಡಿಸ್ತೀವಿ, ಬೆಂಕಿಗೆ ಊದಿದಂಗೆ. ಕೊನೆಗೆ ಬಾಳಿಕೆ ಬರೋದರಲ್ಲಿ ದೊಡ್ಡ ಪಾಲು ಸತ್ತ ಸೂಕ್ಷ್ಮಜೀವಿಗಳ ಅವಶೇಷ, ಜೇಡಿಮಣ್ಣಿನ ಕಣಕ್ಕೆ ಅಂಟ್ಕೊಂಡು ಕೂತಿರೋದು. ಉಳುಮೆ ಕಮ್ಮಿ ಮಾಡಿ, ನೆಲ ಬೋಳಾಗಿ ಬಿಡ್ಬೇಡಿ.

ನಂಬಿಕೆ ಬರ್ಲಿಲ್ಲ ಅಂದ್ರೆ ಮರದ ಕೆಳಗೆ ಕೂತ್ಕೊಂಡು ತರಗೆಲೆ ಒಂದೊಂದೇ ಪದರ ಎತ್ತಿ ನೋಡಿ. ಮೇಲಿನ ಎಲೆ ಗರಿಗರಿ, ಅದ್ರ ಕೆಳಗಿಂದು ಮೆತ್ತಗೆ ಕಪ್ಪು ಚುಕ್ಕಿ, ಇನ್ನೂ ಕೆಳಗೆ ಬರೀ ನರಗಳ ಬಲೆ, ಆಮೇಲೆ ಪುಡಿ, ಇದೇ ಎಲೆ ಅಂತ ಗುರುತೇ ಸಿಗಲ್ಲ. ಮಧ್ಯೆ ಒಂದೆರಡು ಮಿಲಿಮೀಟರಿನ ಬಿಳೀ ಹುಳ ಟಪ್ ಅಂತ ಹಾರುತ್ತೆ, ಅದು ಸ್ಪ್ರಿಂಗ್‌ಟೇಲ್.

ಪ್ರಶ್ನೆ: ಮೊದಲ ಮಳೆ ಬಿದ್ದಾಗ ಬರೋ ಮಣ್ಣಿನ ವಾಸನೆ ಯಾವುದು?

ಉತ್ತರ: ಅದರಲ್ಲಿ ಮುಖ್ಯವಾಗಿ ಜಿಯೋಸ್ಮಿನ್, ಹೆಚ್ಚಾಗಿ ಸ್ಟ್ರೆಪ್ಟೊಮೈಸಿಸ್ ಅನ್ನೋ ಬ್ಯಾಕ್ಟೀರಿಯಾ ಮಾಡೋದು, ಇವೂ ತರಗು ಕೊಳೆಸೋ ಪೈಕಿನೇ. ಇದನ್ನ ಅವು ಯಾಕೆ ಮಾಡ್ತವೆ ಅನ್ನೋದಕ್ಕೆ 2020ರಲ್ಲಿ ಒಂದು ಉತ್ತರ ಸಿಕ್ತು, ಮೇಲೆ ಹೇಳಿದ್ನಲ್ಲ ಸ್ಪ್ರಿಂಗ್‌ಟೇಲ್, ಅದು ಈ ವಾಸನೆ ಹಿಡ್ಕೊಂಡು ಬಂದು ಬ್ಯಾಕ್ಟೀರಿಯಾನ ತಿನ್ನುತ್ತೆ, ಹಂಗೇ ಅದ್ರ ಬೀಜಕಣಗಳನ್ನ ಮೈಗೆ ಮೆತ್ಕೊಂಡು, ಹಿಕ್ಕೆಲೂ ಸೇರಿಸ್ಕೊಂಡು ಬೇರೆ ಕಡೆ ಬಿತ್ತಿ ಬರುತ್ತೆ.