ಮೊಬೈಲ್ ಕಿತ್ತುಕೊಳ್ಳುವ ಮೊದಲು

ಪ್ರಶ್ನೆ: ನನ್ನ ಮಗನಿಗೆ 13 ವರ್ಷ, ಎಂಟನೇ ತರಗತಿ. ಮೊಬೈಲ್ ಆಟದಲ್ಲಿ ಪರಿಚಯವಾದ ‘ಅಣ್ಣ’ನೊಬ್ಬ ಮೊದಲು ಆಟದ ಡೈಮಂಡ್ ಕೊಡಿಸಿದ, ಆಮೇಲೆ ಬೇರೆ ಆ್ಯಪ್‌ಗೆ ಕರೆದು ಕಳಿಸಬಾರದ ಫೋಟೊ ತರಿಸಿಕೊಂಡ. ಈಗ ಐದು ಸಾವಿರ ಕೊಡದಿದ್ದರೆ ಶಾಲೆಯವರಿಗೆಲ್ಲ ಕಳಿಸುತ್ತೇನೆ ಎನ್ನುತ್ತಿದ್ದಾನೆ. ಮೊನ್ನೆ ರಾತ್ರಿ ನಾನು ಪಾತ್ರೆ ತೊಳೆಯುತ್ತಿದ್ದಾಗ ಮಗ ಹಿಂದೆ ಬಂದು ನಿಂತು ಅಳುತ್ತಾ ಹೇಳಿದ. ಅಪ್ಪನಿಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾನೆ. ನಮ್ಮ ಮನೆಯವರಿಗೆ ಗೊತ್ತಾದರೆ ಮೊಬೈಲ್ ಒಡೆದು ಅವನನ್ನೂ ಹೊಡೆಯುತ್ತಾರೆ. ಪೊಲೀಸರ ಬಳಿ ಹೋದರೆ ಊರಿಗೆಲ್ಲ ತಿಳಿಯುತ್ತದೆ. ಹಣ ಕೊಟ್ಟು ಮುಗಿಸಿಬಿಡಲೇ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಹಣ ಕೊಡಬೇಡಿ, ಒಂದು ರೂಪಾಯಿಯನ್ನೂ. ಕೊಟ್ಟರೆ, ಈ ಮನೆಯಲ್ಲಿ ಹೆದರಿಸಿದರೆ ದುಡ್ಡು ಹುಟ್ಟುತ್ತದೆ ಎಂದು ಅವನಿಗೆ ಖಾತ್ರಿಯಾಗುತ್ತದೆ. ವಾರ ಕಳೆಯುವಷ್ಟರಲ್ಲಿ ಹತ್ತು ಸಾವಿರ ಕೇಳುತ್ತಾನೆ.

ನಿಮ್ಮ ಮಗ ನೀವು ಪಾತ್ರೆ ತೊಳೆಯುವಾಗ ಬಂದ. ನಿಮ್ಮ ಬೆನ್ನು ಅವನ ಕಡೆಗಿತ್ತು, ಮುಖ ನೋಡದೆ ಹೇಳಿಬಿಡಬಹುದಿತ್ತು. ಮಕ್ಕಳು ಕಷ್ಟದ ಮಾತಿಗೆ ಇಂಥ ಗಳಿಗೆಯನ್ನೇ ಕಾಯುತ್ತಾರೆ. ಎಷ್ಟು ದಿನ ಕಾದಿದ್ದನೋ. ‘ಮನೆಯಲ್ಲಿ ಗೊತ್ತಾದರೆ’ ಎಂಬ ಭಯವೇ ಆ ದುಷ್ಟನ ಬಂಡವಾಳ. ಮಗ ಅದರಲ್ಲಿ ಅರ್ಧವನ್ನು ಆ ರಾತ್ರಿಯೇ ಕಸಿದುಕೊಂಡ. ಉಳಿದರ್ಧ ನಿಮ್ಮ ಮನೆಯವರ ಕೈಯಲ್ಲಿದೆ.

ಹಾಗಾಗಿ ಆಣೆ ಮುರಿಯಲೇಬೇಕು. ಕದ್ದುಮುಚ್ಚಿ ಮಾತ್ರ ಬೇಡ. ‘ಅಪ್ಪನಿಗೆ ನಾನೇ ಹೇಳುತ್ತೇನೆ, ಹೊಡೆಯಲು ಬಿಡುವುದಿಲ್ಲ’ ಎಂದು ಮಗನಿಗೆ ಮೊದಲು ತಿಳಿಸಿ. ಅವನು ಶಾಲೆಗೆ ಹೋದ ಹೊತ್ತಿನಲ್ಲಿ ಗಂಡನನ್ನು ಕೂರಿಸಿಕೊಂಡು ‘ನಮ್ಮ ಮಗನಿಗೆ ಒಬ್ಬ ಮೋಸ ಮಾಡಿದ್ದಾನೆ’ ಎಂದು ಮಾತು ಶುರು ಮಾಡಿ. ‘ನಮ್ಮ ಮಗ ಏನು ಮಾಡಿಕೊಂಡಿದ್ದಾನೆ ಗೊತ್ತಾ’ ಎಂದು ಶುರುವಾದರೆ ಅವರ ಕೈ ಮಗನ ಮೇಲೇಳುತ್ತದೆ. ಸಿಟ್ಟು ಬಂದೇ ಬರುತ್ತದೆ, ಬರಲಿ. ಆ ಸಿಟ್ಟಿಗೆ ಠಾಣೆಗೆ ಹೋಗುವ ಕೆಲಸ ಕೊಡಿ. ನಿಜ ಹೇಳಿದ್ದಕ್ಕೆ ಏಟು ತಿಂದ ಮಗು ಮುಂದಿನ ಸಲ ನಿಮ್ಮ ಬೆನ್ನ ಹಿಂದೆ ಬಂದು ನಿಲ್ಲುವುದಿಲ್ಲ. ಮೊಬೈಲ್ ಕಿತ್ತುಕೊಂಡರೂ ಅವನಿಗೆ ಅದು ಶಿಕ್ಷೆಯೇ.

ಮೊಬೈಲ್ ಸಾಕ್ಷಿಯೂ ಹೌದು. ಚಾಟ್ ಅಳಿಸಬೇಡಿ. ಆತನ ಖಾತೆಯ ಹೆಸರು, ಬೆದರಿಕೆಯ ಮಾತುಗಳು, ಹಣ ಹಾಕಲು ಕೊಟ್ಟ ನಂಬರ್ ಅಥವಾ ಯುಪಿಐ ವಿಳಾಸ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆ ಆ್ಯಪ್‌ನಲ್ಲೇ ದೂರು ಕೊಟ್ಟು ಬ್ಲಾಕ್ ಮಾಡಿ. ಮತ್ತೆ ಉತ್ತರ ಬೇಡ, ಬೈಗುಳವೂ ಬೇಡ. ಮಗನ ಫೋಟೊವನ್ನು ಸಲಹೆ ಕೇಳಲೆಂದು ತಮ್ಮನಿಗೋ ಭಾವನಿಗೋ ವಾಟ್ಸ್‌ಆ್ಯಪ್ ಮಾಡಲೇಬೇಡಿ. ಮಕ್ಕಳ ಅಂಥ ಚಿತ್ರ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಫೋಟೊ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಅಲ್ಲಿ ಚಿತ್ರ ನಿಮ್ಮ ಮೊಬೈಲ್‌ನಿಂದ ಹೊರಗೆ ಹೋಗುವುದಿಲ್ಲ, ಬೆರಳಚ್ಚಿನಂಥ ಒಂದು ಗುರುತು ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಜಾಲತಾಣಗಳು ಅದನ್ನು ಹಿಡಿದು ಚಿತ್ರವನ್ನು ಪತ್ತೆ ಮಾಡಿ ತೆಗೆಯುತ್ತವೆ.

ಊರಿಗೆ ತಿಳಿಯುತ್ತದೆಂಬ ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆ ಹೆಣ್ಣುಮಕ್ಕಳಿಗೆ ಮಾತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ. 18 ತುಂಬದ ಗಂಡುಮಕ್ಕಳಿಗೂ ಅದೇ ರಕ್ಷಣೆಯಿದೆ, ಹಣಕ್ಕಾಗಿ ನಡೆಯುವ ಈ ಬಗೆಯ ಬೆದರಿಕೆಗೆ ಹೆಚ್ಚಾಗಿ ಸಿಕ್ಕಿಬೀಳುವವರೂ ಹುಡುಗರೇ. ಮಗುವಿನ ಗುರುತನ್ನು ಮಾಧ್ಯಮಗಳು ಬಯಲು ಮಾಡುವಂತಿಲ್ಲ. ಹೇಳಿಕೆಯನ್ನು ಪೊಲೀಸರು ಮನೆಯಲ್ಲಿ ಅಥವಾ ಮಗು ಬಯಸಿದ ಕಡೆ, ತಂದೆ ತಾಯಿಯ ಎದುರಿಗೆ ಬರೆದುಕೊಳ್ಳಬೇಕು, ಅಧಿಕಾರಿ ಸಮವಸ್ತ್ರದಲ್ಲಿರಬಾರದು. ಇದು ನಿಮ್ಮ ಹಕ್ಕು, ಕೇಳಿ ಪಡೆಯಿರಿ. ಜಿಲ್ಲೆಯ ಸೈಬರ್ ಅಪರಾಧದ ಸೆನ್ ಠಾಣೆಗೆ ಹೋಗಬಹುದು. ಅದಕ್ಕೂ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೋ ಸೈಬರ್ ಸಹಾಯವಾಣಿ 1930ಕ್ಕೋ ಕರೆ ಮಾಡಬಹುದು.

ಆಟ ನಿಲ್ಲಿಸುವುದು ಬಿಡುವುದು ಆಮೇಲಿನ ಮಾತು. ಈ ಗಲಾಟೆ ತಣ್ಣಗಾದ ಮೇಲೆ ಮಗನನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಅಪರಿಚಿತರು ಸಂದೇಶ ಕಳಿಸದಂತೆ ಸೆಟ್ಟಿಂಗ್ ಬದಲಿಸಿ. ರಾತ್ರಿ ಎಲ್ಲರ ಮೊಬೈಲೂ ನಡುಮನೆಯಲ್ಲಿ ಚಾರ್ಜ್ ಆಗಲಿ, ನಿಮ್ಮದೂ ಸೇರಿ. ಪುಕ್ಕಟೆ ಡೈಮಂಡ್, ‘ಯಾರಿಗೂ ಹೇಳಬೇಡ’ ಎಂಬ ಮಾತು, ‘ಬೇರೆ ಆ್ಯಪ್‌ಗೆ ಬಾ’ ಎಂಬ ಕರೆ: ಯಾವ ಹೆಜ್ಜೆಯಲ್ಲಿ ಸಿಕ್ಕಿಕೊಂಡೆ ಎಂದು ಅವನ ಬಾಯಿಂದಲೇ ಕೇಳಿ.

ಈಗ ಮಾತ್ರ ಅವನ ಮೇಲೆ ಕಣ್ಣಿಡಿ. ಊಟ ಬಿಟ್ಟರೆ, ಶಾಲೆ ಬೇಡವೆಂದರೆ, ‘ಸತ್ತರೆ ಸಾಕು’ ಎಂಬಂಥ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ. ಇವತ್ತು ರಾತ್ರಿ ಅವನ ಕೋಣೆಯಲ್ಲೇ ನಿಮ್ಮ ಹಾಸಿಗೆ ಹಾಸಿಕೊಳ್ಳಿ. ಬೇಡ ಎನ್ನುತ್ತಾನೆ, ಆದರೂ.